ಗುಡಾಣ ತೊಳೆಯುವವನ ಕಾಲು

ಮದುವೆ ದಾಖಲಿಸುವ ಕಚೇರಿಯ ಮೆಟ್ಟಿಲ ಮೇಲೆ ಗಂಡು ಮುಕ್ಕಾಲು ಗಂಟೆ ಕಾದಿದ್ದ. ಹೆಣ್ಣು ಕೈಕೊಟ್ಟಳು ಎಂದು ಅವನ ಸೋದರತ್ತೆ ಆಗಲೇ ಅರ್ಧ ಟಿಬಿಲಿಸಿ ಪಟ್ಟಣಕ್ಕೆ ಸಾರಿಬಿಟ್ಟಿದ್ದಳು. ಕೊನೆಗೆ ಬಿಳಿ ಲಂಗದ ಅಂಚನ್ನು ಎತ್ತಿ ಹಿಡಿದು ಏದುಸಿರು ಬಿಡುತ್ತ ಬಂದ ಲಾಮಾರಾಳ ಒಂದು ಕೈಯಲ್ಲಿ ಗುಲಾಬಿ ಇತ್ತು, ಇನ್ನೊಂದು ಕೈಯಲ್ಲಿ ಬಿರಡೆ ಹಾಕಿದ ಸೀಸೆ. ದಾರಿಯಲ್ಲಿ ಆಸ್ಪತ್ರೆಯ ಚರಂಡಿ ಹೊಳೆಗೆ ಸೇರುವ ಜಾಗ ಕಣ್ಣಿಗೆ ಬಿದ್ದಿತ್ತು. ಅಂಥ ಒಳ್ಳೆಯ ಕೊಳಚೆ ಮತ್ತೆ ಸಿಗುತ್ತದೋ ಇಲ್ಲವೋ ಎಂದು ಕಾರು ನಿಲ್ಲಿಸಿ ತುಂಬಿಸಿಕೊಂಡು ಬಂದಿದ್ದಳು.

"ಓಡಿಹೋದೆ ಅಂದ್ಕೊಂಡೆ," ಎಂದ ಗಂಡು ಜುರಾಬ್.

"ಓಡ್ಕೊಂಡೇ ಬಂದೆ. ಇದನ್ನ ಜೇಬಲ್ಲಿ ಇಟ್ಕೋ, ಅಲ್ಲಾಡಿಸ್ಬೇಡ," ಎಂದಳು ಹೆಣ್ಣು.

ಅವರ ಮದುವೆಯ ಫೋಟೋದಲ್ಲಿ ಜುರಾಬನ ಕೋಟು ಎಡಗಡೆ ಉಬ್ಬಿಕೊಂಡಿರುವುದು ಅದಕ್ಕೇ. ಊರಿಂದೂರಿಗೆ ಮಿನಿಬಸ್ಸು ಓಡಿಸುವ ಜುರಾಬ್ ಆ ಕಥೆಯನ್ನು ಈ ಮೂವತ್ತೆರಡು ವರ್ಷಗಳಲ್ಲಿ ಎಷ್ಟು ಪ್ರಯಾಣಿಕರಿಗೆ ಹೇಳಿದ್ದಾನೋ ಅವನಿಗೇ ಲೆಕ್ಕವಿಲ್ಲ. ಪ್ರತಿಸಲವೂ ಕಾದ ಹೊತ್ತು ಹತ್ತು ನಿಮಿಷ ಬೆಳೆಯುತ್ತದೆ.

ಕೊಳಚೆಯಲ್ಲಿ ಲಾಮಾರಾ ಹುಡುಕುತ್ತಿದ್ದದ್ದು ಫೇಜ್‌ಗಳನ್ನು. ಬ್ಯಾಕ್ಟೀರಿಯಾ ಎಲ್ಲಿ ಬೀಡುಬಿಟ್ಟಿರುತ್ತದೋ ಅಲ್ಲಿ ಅದನ್ನೇ ತಿಂದು ಬದುಕುವ, ಅದಕ್ಕಿಂತಲೂ ಎಷ್ಟೋ ಪಾಲು ಚಿಕ್ಕದಾದ ವೈರಸ್ಸು ಅದು. ಒಂದು ಬಗೆಯ ಬ್ಯಾಕ್ಟೀರಿಯಾಕ್ಕೆ ಒಂದು ಬಗೆಯ ಫೇಜ್. ಪಕ್ಕದ ಮನೆಯ ಅಡುಗೆಯನ್ನು ಅದು ಮೂಸಿಯೂ ನೋಡುವುದಿಲ್ಲ. ಟಿಬಿಲಿಸಿಯವರಿಗೆ ಇದೇನು ಹೊಸದಲ್ಲ. ಮಗುವಿಗೆ ಹೊಟ್ಟೆ ಕೆಟ್ಟರೆ ಅಜ್ಜಿಯರೇ ಅಂಗಡಿಗೆ ಹೋಗಿ ಫೇಜಿನ ಸೀಸೆ ಕೇಳಿ ತರುತ್ತಾರೆ. ಲಾಮಾರಾ ಕೆಲಸ ಮಾಡುವ ಸಂಸ್ಥೆಯಲ್ಲಂತೂ ಎಲ್ಲರೂ ಅವನ್ನು 'ನಮ್ಮ ಹುಡುಗರು' ಎಂದೇ ಕರೆಯುತ್ತಾರೆ. ಜುರಾಬ್ ಮಾತ್ರ 'ನಿನ್ನ ಹುಳಗಳು' ಅನ್ನುತ್ತಾನೆ, ಬೇಕೆಂದೇ.

ಅವನಿಗೆ ಸ್ವಲ್ಪ ಹೊಟ್ಟೆಯುರಿ ಇರಲು ಕಾರಣವೂ ಉಂಟು. ತೊಂಬತ್ತರ ದಶಕದ ಆ ಹಾಳು ಚಳಿಗಾಲಗಳಲ್ಲಿ ಊರಿಗೆ ಕರೆಂಟೇ ಇಲ್ಲದಾಗ, ಫೇಜ್‌ಗಳ ಮೂಲ ತಳಿಯಿದ್ದ ಸಂಸ್ಥೆಯ ತಾಯಿ ಸೀಸೆಗಳು ಹೆಪ್ಪುಗಟ್ಟಿ ಹಾಳಾಗುತ್ತವೆಂದು ಲಾಮಾರಾ ಮನೆಗೆ ತಂದು ಬಾಲ್ಕನಿಯ ಬಾಗಿಲ ಹತ್ತಿರ ರಜಾಯಿ ಹೊದಿಸಿ ಇಟ್ಟಿದ್ದಳು. ಮನೆಯಲ್ಲಿ ಇದ್ದದ್ದು ಒಂದೇ ರಜಾಯಿ. ಮೂರು ಚಳಿಗಾಲ ಜುರಾಬ್ ಕೋಟು ಹಾಕಿಕೊಂಡೇ ಮಲಗಿದ.

ಇಷ್ಟಾದರೂ ಸಂಸ್ಥೆಯಲ್ಲಿ ಲಾಮಾರಾ ಆರಿಸಿಕೊಂಡದ್ದು ಯಾರಿಗೂ ಬೇಡದ ಕೆಲಸ. ಒಂಟಿ ಬ್ಯಾಕ್ಟೀರಿಯಾವನ್ನು ಕೊಲ್ಲುವುದು ಸುಲಭ. ಆದರೆ ಅವು ಒಂದು ಕಡೆ ನೆಲೆನಿಂತು, ಹತ್ತಾಗಿ ಸಾವಿರವಾಗಿ, ಮೈಯಿಂದ ಲೋಳೆ ಒಸರಿ ಸುತ್ತ ಪೊರೆ ಕಟ್ಟಿಕೊಂಡವೋ, ಮುಗಿಯಿತು. ಔಷಧಿ ಸುರಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಮೂಳೆಗೆ ಹಾಕಿದ ಲೋಹ, ಮೂತ್ರದ ನಳಿಕೆ, ವರ್ಷಗಟ್ಟಲೆ ಮಾಯದ ಗಾಯ, ಎಲ್ಲ ಕಡೆಯೂ ಇದೇ ಲೋಳೆಯ ಪೊರೆ. ಫೇಜ್‌ಗಳೂ ಮೇಲಿನ ಪದರವನ್ನು ಮೇಯ್ದು ನಡುದಾರಿಯಲ್ಲಿ ಸಿಕ್ಕಿಕೊಂಡು ನಿಲ್ಲುತ್ತಿದ್ದವು. ಫೇಜ್ ಒಳಗೆ ಹೋದ ಹೊರತು ಪೊರೆ ಹರಿಯುವುದಿಲ್ಲ, ಪೊರೆ ಹರಿದ ಹೊರತು ಫೇಜ್ ಒಳಗೆ ಹೋಗುವುದಿಲ್ಲ. ಹುಚ್ಚು ಬಿಡದೆ ಮದುವೆಯಿಲ್ಲ, ಮದುವೆಯಾಗದೆ ಹುಚ್ಚು ಬಿಡುವುದಿಲ್ಲ. ಇಪ್ಪತ್ತಾರು ವರ್ಷ ಲಾಮಾರಾ ಆ ಪೊರೆಯನ್ನೇ ನೋಡುತ್ತ ಕೂತಳು. ಮಿಕ್ಕವರು ಚಿಟಿಕೆ ಹೊಡೆಯುವಷ್ಟರಲ್ಲಿ ತಟ್ಟೆ ಖಾಲಿ ಮಾಡುವ ಚುರುಕು ಫೇಜ್‌ಗಳನ್ನು ಹಿಡಿದು ಹೆಸರು ಮಾಡಿದರು. ಈಕೆಗೆ ಸಿಕ್ಕಿದ್ದು 'ಲೋಳೆ ಲಾಮಾರಾ' ಎಂಬ ಅಡ್ಡಹೆಸರು. ಆಕೆ ಅದಕ್ಕೆ ಬೇಸರ ಮಾಡಿಕೊಂಡವಳಲ್ಲ. ಕೆಲವರಿಗೆ ತಮ್ಮ ಕೆಲಸ ಎಷ್ಟು ಇಷ್ಟವೆಂದರೆ ಅದು ಕೈಗೂಡದಿದ್ದರೂ ಸಂತೋಷವಾಗಿಯೇ ಇರುತ್ತಾರೆ, ನೋಡಿದವರಿಗೆ ಹೊಟ್ಟೆಕಿಚ್ಚಾಗಬೇಕು.

ಆ ಇಪ್ಪತ್ತಾರನೆಯ ವರ್ಷದ ಮೇ ತಿಂಗಳಲ್ಲಿ ಸ್ಪಿರಿದೋನ್ ಬಂದ.

ಕಾಖೇತಿ ಸೀಮೆಯ ಹಳ್ಳಿಯವನು, ಅರವತ್ತೊಂಬತ್ತು ವರ್ಷ, ಗುಡಾಣ ತೊಳೆಯುವುದು ಕಸುಬು. ದ್ರಾಕ್ಷಾರಸ ಹುಳಿಯಲೆಂದು ನೆಲದಲ್ಲಿ ಕತ್ತಿನ ತನಕ ಹೂತಿಡುವ ಆ ಮಣ್ಣಿನ ಗುಡಾಣಗಳು ಆಳುದ್ದಕ್ಕಿಂತ ಆಳ. ಸುಗ್ಗಿಗೆ ಮುಂಚೆ ಒಬ್ಬ ಒಳಗಿಳಿದು ಗೋಡೆಯನ್ನು ತಿಕ್ಕಿ ತೊಳೆಯಬೇಕು. ಸುತ್ತಲಿನ ನಾಲ್ಕು ಹಳ್ಳಿಗಳಿಗೆ ಆ ಒಬ್ಬ ಇವನೇ. ಎರಡು ವರ್ಷದ ಹಿಂದೆ ಏಣಿ ಜಾರಿ ಕಣಕಾಲಿನ ಮೇಲೆ ಮೂಳೆ ಮುರಿದಿತ್ತು. ಲೋಹದ ಪಟ್ಟಿ ಹಾಕಿ ತಿರುಪು ಬಿಗಿದಿದ್ದರು. ಮೂಳೆ ಕೂಡಲಿಲ್ಲ, ಗಾಯ ಮಾಯಲಿಲ್ಲ, ಕೀವು ನಿಲ್ಲಲಿಲ್ಲ. ಮೂರು ಸಲ ಆಸ್ಪತ್ರೆ ಸೇರಿ ಮೂರು ಬಗೆಯ ಔಷಧಿ ತಿಂದು ಬಂದಿದ್ದ. ಅವನ ಹಿಂದೆ ಹೆಂಡತಿ ಪೆಪೆಲಾ ಐದು ಲೀಟರ್ ದ್ರಾಕ್ಷಾರಸದ ಕ್ಯಾನು, ಒಂದು ಉಂಡೆ ಗಿಣ್ಣು ಹೊತ್ತು ನಿಂತಿದ್ದಳು. ಅವರ ಹಿಂದೆ ಬೀದಿಯಾಚೆಯ ಆಸ್ಪತ್ರೆಯ ಶಸ್ತ್ರವೈದ್ಯ ಗೋಚಾ.

"ಕಲ್ಬಾಟೊನೊ ಲಾಮಾರಾ," ಎಂದ ಗೋಚಾ. ಆ ಊರಲ್ಲಿ ಹಿರಿಯ ಹೆಂಗಸರನ್ನು ಹಾಗೆಯೇ ಕರೆಯುವುದು. "ಸುತ್ತಿ ಬಳಸಿ ಹೇಳೋದಿಲ್ಲ. ಜೂನ್ ಇಪ್ಪತ್ತಕ್ಕೆ ಮೊಣಕಾಲ ಕೆಳಗೆ ತೆಗೀತೀನಿ. ಇನ್ನೂ ತಡ ಮಾಡಿದ್ರೆ ಮೊಣಕಾಲ ಮೇಲೆ ತೆಗೀಬೇಕಾಗುತ್ತೆ. ಅಲ್ಲೀವರೆಗೆ ನಿಮ್ಮ ಕೈಲಾದ್ದು ಮಾಡಿ."

"ಕಾಲು ಒಂದಾದ್ರೆ ಏಣಿ ಹೆಂಗವ್ವ ಇಳೀಲಿ?" ಎಂದ ಸ್ಪಿರಿದೋನ್ ಲಾಮಾರಾಳಿಗೆ. "ಕುಂತು ತಿನ್ನೋಕೆ ನಂಗೆ ಬರಕಿಲ್ಲ."

"ತಿನ್ನೋಕೆ ಚೆನ್ನಾಗೇ ಬರ್ತದೆ," ಎಂದಳು ಪೆಪೆಲಾ. "ಕುಂತ್ಕೊಳ್ಳೋಕೆ ಬರಲ್ಲ."

ಲಾಮಾರಾ ಕೀವು ತೆಗೆದುಕೊಂಡು ಬೆಳೆಸಿದಳು. ಅದನ್ನು ತಿನ್ನುವ ಫೇಜ್ ಸಂಸ್ಥೆಯ ಸಂಗ್ರಹದಲ್ಲಿ ಇರಲಿಲ್ಲ. ಹೊಳೆ, ಮೋರಿ, ಕೋಳಿ ಫಾರಂ, ಬಿಸಿನೀರಿನ ಸ್ನಾನದ ಮನೆಗಳ ಹಿತ್ತಿಲು ಎಂದು ಹತ್ತೊಂಬತ್ತು ದಿನ ಅಲೆದಳು. ನಲವತ್ತೇಳನೆಯ ಸೀಸೆಯ ನೀರು ಬಿದ್ದ ತಟ್ಟೆಯಲ್ಲಿ, ಮೋಡ ಕವಿದಂತೆ ಬೆಳೆದ ಬ್ಯಾಕ್ಟೀರಿಯಾದ ನಡುವೆ ಸಾಸಿವೆ ಗಾತ್ರದ ಬಯಲುಗಳು ಕಂಡವು, ಫೇಜ್ ತಿಂದು ತೆರವಾದ ಜಾಗಗಳು. ಸಿಕ್ಕಿಬಿಟ್ಟಿತು. ಲಾಮಾರಾ ಎದ್ದು ನಿಂತು ಒಬ್ಬಳೇ ಚಪ್ಪಾಳೆ ತಟ್ಟಿದಳು. ಶುದ್ಧಿ ಮಾಡಿ ಹದಿನಾಲ್ಕು ಪುಟ್ಟ ಸೀಸೆಗಳಿಗೆ ತುಂಬಿ ಸ್ಪಿರಿದೋನನ ಕೈಗೆ ಕೊಟ್ಟಳು. ದಿನಕ್ಕೆ ಎರಡು ಸಲ, ಗಾಯದೊಳಕ್ಕೆ ಹನಿಸಿ ಬಟ್ಟೆ ಕಟ್ಟಬೇಕು, ಬೇರೆ ಯಾವ ಔಷಧಿಯನ್ನೂ ಹಾಕಕೂಡದು.

ಆರು ದಿನವಾದ ಮೇಲೆ ಪೆಪೆಲಾ ಕಳಿಸಿಕೊಟ್ಟ ಗಾಯದ ಬಟ್ಟೆಯ ಕೀವನ್ನು ಲಾಮಾರಾ ತಟ್ಟೆಗೆ ಹಚ್ಚಿ ಬೆಳೆಸಿ ನೋಡಿದಳು. ಬ್ಯಾಕ್ಟೀರಿಯಾ ಇದ್ದ ಹಾಗೆಯೇ ಇತ್ತು, ಮೊದಲಿಗಿಂತ ಕೊಬ್ಬಿತ್ತು. ಅದು ಹೋಗಲಿ. ಅಲ್ಲಿ ಒಂದೇ ಒಂದು ಫೇಜ್ ಇರಲಿಲ್ಲ. ತಿನ್ನಲು ಬೆಟ್ಟದಷ್ಟು ಇರುವಾಗ ಫೇಜ್ ಒಂದಕ್ಕೆ ನೂರಾಗಬೇಕು, ಸಾಯುವುದೆಂದರೇನು? ತನ್ನ ಕೈಯಲ್ಲೇ ತಪ್ಪಾಗಿದೆ ಎಂದುಕೊಂಡಳು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ತನ್ನ ಟಿಪ್ಪಣಿ ಪುಸ್ತಕವನ್ನೇ ತಿರುವಿದಳು. ತಪ್ಪೇನೂ ಕಾಣಲಿಲ್ಲ. ಉಳಿದಿದ್ದದ್ದು ಹದಿಮೂರು ದಿನ.

"ಬಸ್ಸು ತೆಗಿ," ಎಂದಳು ಗಂಡನಿಗೆ.

ಕಾಖೇತಿಯಲ್ಲಿ ಬಂದವರನ್ನು ಯಾರೂ ಬರಿಹೊಟ್ಟೆಯಲ್ಲಿ ಮಾತಿಗೆ ಕೂರಿಸುವುದಿಲ್ಲ. ರೊಟ್ಟಿ, ಗಿಣ್ಣು, ಬೀಜದ ಚಟ್ನಿ ಮೆತ್ತಿದ ಬದನೆಕಾಯಿ ತಿಂದಾದ ಮೇಲೆಯೇ ಮಾತು. ಜುರಾಬ್ ಆಗಲೇ ಮನೆಯ ಅಳಿಯನಂತೆ ಕೂತು ಮದುವೆಯ ಕಥೆ ಶುರು ಮಾಡಿದ್ದ, ಈ ಸಲ ಎರಡು ಗಂಟೆ ಕಾದಿದ್ದ. ಲಾಮಾರಾ ತುತ್ತು ನುಂಗಲಾರದೆ ಎದ್ದಳು.

"ಅಣ್ಣ, ಸೀಸೆ ಹೆಂಗೆ ಹಾಕ್ತೀರಿ, ನನ್ನ ಮುಂದೆ ಹಾಕಿ ತೋರ್ಸಿ."

ಸ್ಪಿರಿದೋನ್ ಕಾಲನ್ನು ಸ್ಟೂಲಿನ ಮೇಲಿಟ್ಟು ಬಟ್ಟೆ ಬಿಚ್ಚಿದ. ಉಳಿದಿದ್ದ ಕೊನೆಯ ಪುಟ್ಟ ಸೀಸೆಯ ಕತ್ತು ಮುರಿದು ಮೇಜಿನ ಮೇಲಿಟ್ಟ. ಟೋಪಿ ತೆಗೆದ. ಪೆಪೆಲಾ ಎರಡು ಲೋಟಕ್ಕೆ ಮನೆಯಲ್ಲೇ ಬಟ್ಟಿ ಇಳಿಸಿದ ದ್ರಾಕ್ಷಿ ಸಾರಾಯಿ ಬಗ್ಗಿಸಿದಳು. ಒಂದು ಲೋಟ ಎತ್ತಿ ಹಿಡಿದು ಮುದುಕ ಸೀಸೆಯನ್ನೇ ನೋಡುತ್ತ ಗಂಭೀರವಾಗಿ ಶುರು ಮಾಡಿದ.

"ಕಣ್ಣಿಗೆ ಕಾಣದ ಗೆಳೆಯರೇ, ಟಿಬಿಲಿಸಿಯಿಂದ ನನ್ನ ಮನೆಗೆ ಬಂದಿದೀರಿ. ನಿಮ್ಮನ್ನ ಹೆತ್ತೋರು ತಣ್ಣಗಿರ್ಲಿ. ನಿಮ್ಮಲ್ಲಿ ತೀರಿಕೊಂಡೋರ ಆತ್ಮಕ್ಕೆ ಶಾಂತಿ ಸಿಗ್ಲಿ. ನಿಮ್ಮ ವಂಶ ಬೆಳೀಲಿ. ಗೆದ್ದು ಬನ್ನಿ!"

ತನ್ನ ಲೋಟ ಕುಡಿದ. ಇನ್ನೊಂದು ಲೋಟವನ್ನು ಗಾಯದೊಳಕ್ಕೆ ಹುಯ್ದ. ಉರಿಗೆ ಹಲ್ಲು ಕಚ್ಚಿಕೊಂಡು, ಅದರ ಮೇಲೆಯೇ ಸೀಸೆಯ ಫೇಜನ್ನು ಹನಿಸಿದ.

ಲಾಮಾರಾ ಎರಡು ಕೈಯಲ್ಲೂ ತಲೆ ಹಿಡಿದುಕೊಂಡಳು. "ಅಣ್ಣಾ! ಏನ್ ಮಾಡಿದ್ರಿ ನೀವು? ಬೇರೆ ಏನೂ ಹಾಕಬೇಡಿ ಅಂತ ಹೇಳಿರ್ಲಿಲ್ವಾ?"

"ಬೇರೆ ಔಷಧಿ ಹಾಕ್ಬೇಡಿ ಅಂದ್ರಿ. ಇದು ಔಷಧಿನಾ ತಾಯಿ? ಇದು ಮರ್ಯಾದೆ. ಮನೆಗೆ ಬಂದೋರಿಗೆ ಒಂದು ಗುಟುಕು ಕೊಡದೆ ನೇರ ಕೆಲಸಕ್ಕೆ ಹಚ್ಚೋಕಾಯ್ತದಾ? ನಾನೇನು ಅಷ್ಟು ಜುಗ್ಗನಾ?"

"ಅವಕ್ಕೆ ಸಾರಾಯಿ ಅಂದ್ರೆ ವಿಷ. ಒಂದೂ ಉಳಿದಿಲ್ಲ. ಹದಿನಾಲ್ಕು ಸೀಸೆಲಿದ್ದ ಅಷ್ಟೂ ಸತ್ತುಹೋಗಿದ್ದಾವೆ."

ಮುದುಕನ ಮುಖ ಬಿಳಿಚಿಕೊಂಡಿತು. ಕಾಲು ಹೋಗುತ್ತದೆ ಎಂದಾಗಲೂ ಅವನು ಹೀಗಾಗಿರಲಿಲ್ಲ. "ಎಲ್ಲಾನೂವೇ?" ಎಂದ. "ಅತಿಥಿಗಳನ್ನ... ನನ್ನ ಮನೇಲಿ... ನನ್ನ ಕೈಯಾರೆ..." ಪೆಪೆಲಾ ಶಿಲುಬೆಯ ಗುರುತು ಮಾಡಿಕೊಂಡಳು. ಮೂಲೆಯಲ್ಲಿ ಜುರಾಬನ ಹೊಟ್ಟೆ ಕುಲುಕತೊಡಗಿತು. ಅವನು ಬಾಯಿ ಮುಚ್ಚಿಕೊಂಡಷ್ಟೂ ಅದು ಹೆಚ್ಚಾಯಿತು. ಮೊದಲು ಪೆಪೆಲಾ ಕಿಸಕ್ಕೆಂದಳು, ಆಮೇಲೆ ಸಿಟ್ಟಿನಿಂದ ಉರಿಯುತ್ತಿದ್ದ ಲಾಮಾರಾಳೇ ಕುರ್ಚಿಗೆ ಒರಗಿ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕಳು. ತನ್ನ ಫೇಜ್ ಸೋತಿರಲಿಲ್ಲ. ಉಪಚಾರಕ್ಕೆ ಸತ್ತಿತ್ತು. ಆಕೆಗೆ ಎಷ್ಟೋ ಹಗುರವಾಯಿತು.

"ಈ ಸಲ ಸತ್ಕಾರ ಬೇಡ," ಎಂದಳು ಕಣ್ಣೊರೆಸಿಕೊಂಡು. "ಮತ್ತೆ ಬೆಳೆಸಿ ತರೋಕೆ ನಾಲ್ಕು ದಿನ ಬೇಕು. ಆದ್ರೂ ಗೆಲ್ತೀವಿ ಅಂತ ಹೇಳೋಕಾಗಲ್ಲ ಅಣ್ಣ. ಆ ಲೋಹದ ಪಟ್ಟಿ ಮೇಲೆ ಅವು ಲೋಳೆ ಕಟ್ಕೊಂಡು ಕೂತಿವೆ. ಅದರೊಳಗೆ ನಮ್ಮ ಹುಡುಗರು ನುಗ್ಗೋದೇ ಕಷ್ಟ."

"ಲೋಳೆ ಅಂದ್ರೆ? ಗುಡಾಣದ ಗೋಡೆಗೆ ಹಿಡಿಯೋ ಅಂಥದ್ದಾ?"

"ಅಂಥದ್ದೇ."

ಸ್ಪಿರಿದೋನ್ ನೆಟ್ಟಗೆ ಕೂತ. ಅಷ್ಟು ಹೊತ್ತೂ ರೋಗಿಯಾಗಿದ್ದವನು ಈಗ ಕಸುಬುದಾರನಾದ. "ಅದನ್ನ ತಿಕ್ಕದೆ ಬರೀ ಮೇಲಿಂದ ಸುರೀತಾ ಇದೀರಾ? ಐವತ್ತು ವರ್ಷ ಆಯ್ತು ಕಣವ್ವ ನಾನು ಅದನ್ನ ತಿಕ್ಕೋಕೆ ಹತ್ತಿ. ಬಿಸಿನೀರು ಸುರಿದ್ರೆ ಅದು ನಗ್ತದೆ."

"ತಿಕ್ಕಿದಾರಲ್ಲ, ಗೋಚಾ ಡಾಕ್ಟ್ರು ಎರಡು ಸಲ ಕೆರೆದು ತೊಳೆದಿದಾರೆ."

"ಕೆರೆದ ಮೇಲೆ?"

"ಕಟ್ಟು ಹಾಕಿದಾರೆ. ಮಾರನೇ ದಿನದಿಂದ ಔಷಧಿ."

"ಮಾರನೇ ದಿನ!" ಮುದುಕ ಹಣೆ ಚಚ್ಚಿಕೊಂಡ. "ನಾನು ಚೆರ್ರಿ ತೊಗಟೆ ತಗಂಡು ಗೋಡೆ ತಿಕ್ಕಿ, ಮೇಲೆ ಬಂದು ಊಟ ಮಾಡಿ, ಒಂದು ನಿದ್ದೆ ತೆಗ್ದು, ಆಮೇಲೆ ನೀರು ಹೊಡುದ್ರೆ ಏನಾಯ್ತದೆ ಗೊತ್ತಾ? ಕೆದರಿದ್ದೆಲ್ಲ ಮತ್ತೆ ಕಚ್ಕೊಂಡಿರ್ತದೆ, ಮೊದಲಿಗಿಂತ ಗಟ್ಟಿ. ತಿಕ್ಕಿದ ಕೈಯಲ್ಲೇ ನೀರು ಹೊಡೀಬೇಕು. ಮತ್ತೆ ತಿಕ್ಕು, ಮತ್ತೆ ಹೊಡಿ. ನನ್ನ ಕೈ ನಿಂತ ಕೂಡ್ಲೆ ಪೆಪೆಲಾ ಮೇಲಿಂದ ಸುರೀಬೇಕು. ಅವಳು ಪಕ್ಕದ ಮನೆಯವಳ ಹತ್ರ ಹರಟೆಗೆ ಬಿದ್ಲು ಅಂದ್ರೆ ನನ್ನ ಕೆಲಸ ಪೂರ್ತಿ ಹಾಳು."

"ಒಂದೇ ಸಲ ಹಂಗಾಗಿದ್ದು. ಇಪ್ಪತ್ತು ವರ್ಷದಿಂದ ಹೇಳ್ತಾನೆ," ಎಂದಳು ಪೆಪೆಲಾ.

ಮುದುಕ ಹೇಳಿದ್ದು ಲಾಮಾರಾಳಿಗೆ ಗೊತ್ತಿಲ್ಲದ್ದೇನಲ್ಲ. ಹರಿದ ಪೊರೆ ಕೆಲವೇ ಗಂಟೆಗಳಲ್ಲಿ ಮತ್ತೆ ಕೂಡಿಕೊಳ್ಳುವುದನ್ನು ತನ್ನ ಕಣ್ಣಿನಿಂದಲೇ ಸೂಕ್ಷ್ಮದರ್ಶಕದಲ್ಲಿ ನೋಡಿದ್ದಳು, ಬರೆದೂ ಇದ್ದಳು. ಆದರೆ ಕೆರೆಯುವುದು ಶಸ್ತ್ರವೈದ್ಯರ ಕೆಲಸ, ಫೇಜ್ ತನ್ನ ಕೆಲಸ. ನಡುವೆ ಒಂದು ಬೀದಿ, ಎರಡು ಗೇಟು, ಒಂದು ರಾತ್ರಿ. ಆ ನಡುವಿನ ಹೊತ್ತನ್ನು ಯಾರೂ ತಮ್ಮದೆಂದುಕೊಂಡಿರಲಿಲ್ಲ. ಇಪ್ಪತ್ತಾರು ವರ್ಷ ಓದಿದ ತನಗೆ ಇದು ಹೊಳೆಯಲಿಲ್ಲವಲ್ಲ ಎಂದು ನಾಚಿಕೆಯಾಯಿತು. ಅದರ ಹಿಂದೆಯೇ ತಡೆಯಲಾರದಷ್ಟು ಖುಷಿಯೂ ಆಯಿತು.

ಗೋಚಾ ಸುಲಭಕ್ಕೆ ಒಪ್ಪುವ ಆಸಾಮಿಯಲ್ಲ.

"ನನ್ನ ಆಪರೇಷನ್ ಕೋಣೆಗೆ ಸೀಸೆ ಹಿಡ್ಕೊಂಡು ನೀವು ಬರ್ತೀರಾ?"

"ಬರ್ತೀನಿ. ನೀವು ಕೆರೆದ ಕೈ ತೆಗೆಯೋ ಅಷ್ಟರಲ್ಲಿ ನಾನು ಸುರೀಬೇಕು. ಆಮೇಲೆ ಒಂದು ನಳಿಕೆ ಬಿಟ್ಟು ನಾಲ್ಕು ನಾಲ್ಕು ಗಂಟೆಗೆ ಒಳಗೆ ಬಿಡಬೇಕು. ಎರಡು ದಿನಕ್ಕೊಮ್ಮೆ ಮತ್ತೆ ಕೆರೀಬೇಕು."

"ಇದನ್ನ ಯಾವ ಪುಸ್ತಕದಲ್ಲಿ ಓದಿದ್ರಿ?"

"ಗುಡಾಣದಲ್ಲಿ," ಎಂದಳು ಲಾಮಾರಾ.

ಗೋಚಾ ಗೋಡೆಯ ಕ್ಯಾಲೆಂಡರಿನ ಮೇಲೆ ಬೆರಳಿಟ್ಟ. "ಇಪ್ಪತ್ತನೇ ತಾರೀಖು ಮುಂದಕ್ಕೆ ಹೋಗಲ್ಲ. ಅಷ್ಟರೊಳಗೆ ಕೀವು ನಿಂತ್ರೆ ನಿಂತ ಹಾಗೆ. ಇಲ್ದಿದ್ರೆ ನನ್ನ ಕೈಗೆ ಗರಗಸ ಕೊಟ್ಟು ನೀವು ಹೊರಗೆ ಹೋಗ್ಬೇಕು," ಎಂದ. ಅವನ ದನಿ ಒರಟಾಗಿತ್ತು. ಆ ಕಾಲನ್ನು ಕತ್ತರಿಸಲು ಅವನಿಗೂ ಮನಸ್ಸಿರಲಿಲ್ಲ ಎಂಬುದು ಲಾಮಾರಾಳಿಗೆ ಆಗ ಅರ್ಥವಾಯಿತು.

ಜೂನ್ ಹನ್ನೆರಡರಂದು ಮೊದಲ ಸಲ ಕೆರೆದರು. ಗೋಚಾ ಕೈಯೆತ್ತಿ "ಹೂಂ" ಎನ್ನುವುದೇ ತಡ, ಲಾಮಾರಾ ಸುರಿದಳು. ಮತ್ತೆ ಕೆರೆದ, ಮತ್ತೆ ಸುರಿದಳು. ಮೂರನೆಯ ಸಲಕ್ಕೆ ಇಬ್ಬರ ಕೈಗೂ ಒಂದು ಲಯ ಬಂದಿತ್ತು, ಬೀಸುವ ಕಲ್ಲಿಗೆ ಕೂತ ಇಬ್ಬರು ಹೆಂಗಸರ ಕೈಗಳಂತೆ. ಸೊಂಟಕ್ಕೆ ಮಾತ್ರ ಅರಿವಳಿಕೆ ಚುಚ್ಚಿದ್ದರಿಂದ ಎಚ್ಚರವಾಗಿಯೇ ಇದ್ದ ಸ್ಪಿರಿದೋನ್ ಪರದೆಯ ಆಚೆಯಿಂದ ಕೂಗುತ್ತಿದ್ದ: "ಮೂಲೆ ಬಿಡಬೇಡಿ ಡಾಕ್ಟ್ರೇ! ಮೂಲೇಲೇ ಇರೋದು ಅದು!"

"ಸುಮ್ನೆ ಮಲಗ್ರೀ!"

"ತಿರುಪಿನ ತಲೆ ಕೆಳಗೆ ನೋಡಿದ್ರಾ?"

ಗೋಚಾ ಸಿಡುಕುತ್ತಲೇ ತಿರುಪಿನ ತಲೆಯ ಕೆಳಗೆ ನೋಡಿದ. ಅಲ್ಲಿ ಇತ್ತು.

ಹದಿನಾಲ್ಕನೆಯ ತಾರೀಖಿನ ಬಟ್ಟೆಯಲ್ಲಿ ಫೇಜ್ ಕಂಡಿತು. ಹದಿನಾರರಂದು ಎಣಿಸಲಾರದಷ್ಟು. ಸುರಿದದ್ದಕ್ಕಿಂತ ಹೆಚ್ಚು, ಅಂದರೆ ಒಳಗೆ ಹೊಕ್ಕಿವೆ, ತಿನ್ನುತ್ತಿವೆ, ಮಕ್ಕಳು ಮರಿ ಮಾಡಿವೆ. ಲಾಮಾರಾ ತಟ್ಟೆಯನ್ನು ಎದೆಗವಚಿಕೊಂಡು ಬೀದಿ ದಾಟಿ, ಎರಡು ಗೇಟು ದಾಟಿ ಓಡಿದಳು. ಐವತ್ತೆಂಟರ ಹೆಂಗಸು, ಬಿಳಿ ಕೋಟು, ಮನೆಯ ಚಪ್ಪಲಿ. ಕಾವಲುಗಾರ ಬೆಂಕಿ ಬಿತ್ತೆಂದು ತಿಳಿದು ತಾನೂ ಓಡಿದ. ಹತ್ತೊಂಬತ್ತರ ಬೆಳಿಗ್ಗೆ ಗಾಯ ಒಣಗಿತ್ತು. ಗೋಚಾ ಅದನ್ನು ಒತ್ತಿ ನೋಡಿದ, ಮೂಸಿ ನೋಡಿದ, ಕನ್ನಡಕ ಹಾಕಿ ನೋಡಿದ, ತೆಗೆದು ನೋಡಿದ. ಆಮೇಲೆ ಮರುದಿನದ ಶಸ್ತ್ರಕ್ರಿಯೆಯ ಪಟ್ಟಿಯಿಂದ ಸ್ಪಿರಿದೋನನ ಹೆಸರನ್ನು ತಾನೇ ಹೊಡೆದು ಹಾಕಿದ. ಪೆಪೆಲಾ ಅವನ ಎರಡು ಕೆನ್ನೆಗೂ ಮುತ್ತು ಕೊಟ್ಟಳು, ಅವನು ಬೇಡವೆನ್ನುವಷ್ಟರಲ್ಲಿ ಮೂರನೆಯದೂ ಆಗಿಹೋಗಿತ್ತು.

ಒಂದು ಕಾಲಿನಿಂದ ಶಾಸ್ತ್ರವಾಗುವುದಿಲ್ಲ, ಅದು ಲಾಮಾರಾಳಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ಇನ್ನು ಮೂವತ್ತು ಕಾಲು, ಮುನ್ನೂರು ಕಾಲು ನೋಡಬೇಕು, ಸೋಲುವ ಕಾಲುಗಳೂ ಇರುತ್ತವೆ. ಆದರೆ ಈಗ ಆಸ್ಪತ್ರೆಯಲ್ಲಿ ಕೆರೆಯುವ ದಿನ ಮತ್ತು ಫೇಜ್ ಸುರಿಯುವ ದಿನ ಒಂದೇ ದಿನ. ಗೋಚಾ ತಾನೇ ಫೋನು ಮಾಡಿ ಕರೆಯುತ್ತಾನೆ: "ಕಲ್ಬಾಟೊನೊ, ಬೇಗ ಬನ್ನಿ, ಕೈ ಎತ್ತಿ ನಿಂತಿದೀನಿ."

ಮೂಳೆ ಕೂಡಲು ಇನ್ನೂ ಹೊತ್ತು ಬೇಕಿತ್ತು. ಸೆಪ್ಟೆಂಬರ್ ಕೊನೆಗೆ ತೆಗೆದ ಎಕ್ಸ್‌ರೇ ಚಿತ್ರದಲ್ಲಿ ಅದೂ ಕೂಡಿತ್ತು. ಏಣಿ ಹತ್ತಬಹುದೇ ಎಂದು ಸ್ಪಿರಿದೋನ್ ಕೇಳಿದ. ಹತ್ತಬಾರದು ಎಂದ ಗೋಚಾ. ಇಳಿಯಬಹುದೇ ಎಂದು ಕೇಳಿದ. ಗೋಚಾ ಸಿಟ್ಟಾಗಿ, ಹಾಗಾದರೆ ನಾನೂ ಬಂದು ಏಣಿ ಹಿಡಿಯುತ್ತೇನೆ ಎಂದ.

ಹಾಗೆ ಸುಗ್ಗಿಗೆ ನಾಲ್ಕು ದಿನ ಮುಂಚೆ ಎಲ್ಲರೂ ಜುರಾಬನ ಬಸ್ಸಿನಲ್ಲಿ ಹಳ್ಳಿಗೆ ಹೋದರು. ಅಂಗಳದಲ್ಲಿ ಗುಡಾಣದ ಬಾಯಿ ತೆರೆದಿತ್ತು. ಒಳಗಿನ ಗಾಳಿ ನಂಬುವಂಥದ್ದಲ್ಲ. ಅದಕ್ಕೇ ಇಳಿದವನು ಕೆಲಸ ಮುಗಿಯುವವರೆಗೂ ಹಾಡುತ್ತಲೇ ಇರಬೇಕು, ಹಾಡು ನಿಂತರೆ ಮೇಲಿನವರು ಹಗ್ಗ ಎಳೆದುಬಿಡಬೇಕು. ಸ್ಪಿರಿದೋನ್ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದ. ಮೊದಲು ಮೊಣಕಾಲು, ಆಮೇಲೆ ಎದೆ, ಆಮೇಲೆ ಟೋಪಿ ಮರೆಯಾಯಿತು. ಮಣ್ಣಿನ ಹೊಟ್ಟೆಯೊಳಗಿಂದ ದಪ್ಪ ದನಿಯ ಹಾಡು ಎದ್ದಿತು. ಪೆಪೆಲಾ ಮೇಲೆ ನಿಂತು ಎರಡನೆಯ ದನಿ ಹಿಡಿದಳು, ಜುರಾಬ್ ಮೂರನೆಯದು. ಗೋಚಾ ಏಣಿಯನ್ನು ಎರಡು ಕೈಯಲ್ಲೂ ಬಿಗಿ ಹಿಡಿದಿದ್ದ.

ಇದ್ದಕ್ಕಿದ್ದಂತೆ ಕೆಳಗಿನ ಹಾಡು ನಿಂತುಹೋಯಿತು.

"ಎಳೀರಿ!" ಎಂದು ಕಿರುಚಿ ಲಾಮಾರಾ ಗುಡಾಣದ ಬಾಯಿಗೆ ಬಗ್ಗಿದಳು. "ಅಣ್ಣಾ! ಏನಾಯ್ತು? ಅಣ್ಣಾ!"

ಕೆಳಗೆ ಮುದುಕ ಮುಖ ಮೇಲೆತ್ತಿ ನಿಂತಿದ್ದ. ಒಂದು ಕೈಯಲ್ಲಿ ತೊಗಟೆ, ಗೋಡೆಗೂ ಒರಗಿರಲಿಲ್ಲ, ಏಣಿಯನ್ನೂ ಹಿಡಿದಿರಲಿಲ್ಲ. ಕಣ್ಣಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು.

"ಏನೂ ಆಗಿಲ್ಲ ಕಣವ್ವ," ಎಂದ. "ನಿಂತಿದೀನಿ. ಸುಮ್ಕೆ ನಿಂತಿದೀನಿ."

ಲಾಮಾರಾ ಅಲ್ಲೇ ಗುಡಾಣದ ಅಂಚಿನಲ್ಲಿ ನೆಲದ ಮೇಲೆ ಕೂತುಬಿಟ್ಟಳು. ಇಷ್ಟು ಸಂತೋಷ ತನ್ನ ಜನ್ಮದಲ್ಲಿ ಆಗಿರಲಿಲ್ಲ ಎಂದು ಜೋರಾಗಿಯೇ ಹೇಳಿದಳು, ಹೇಳುತ್ತ ಅತ್ತಳು.

ಪೆಪೆಲಾ ಬಕೆಟ್ ನೀರೆತ್ತಿ ಬಾಯಿಯ ಬಳಿ ಹಿಡಿದಳು. "ನಿಂತಿದ್ದು ಸಾಕು, ಮಾರಾಯ," ಎಂದು ಕೆಳಕ್ಕೆ ಕೂಗಿದಳು. "ಲೋಳೆ ಮತ್ತೆ ಕಚ್ಕೊಂತದೆ. ತಿಕ್ಕು!"